ಹೆರಿಗೆ ಚೀಲದ ಚರಿತ್ರೆ: ಬಾಪನ ಅಂಗಡಿಯಿಂದ ಕರಣಕೋಟದವರೆಗೆ

2020ರ ಏಪ್ರಿಲ್ ತಿಂಗಳು. ತೆಲಂಗಾಣದ ತಾಂಡೂರು ಬಳಿಯ ಕರಣಕೋಟದಲ್ಲಿ ನಮ್ಮ ಬಾಡಿಗೆ ಮನೆಯ ಬಾಗಿಲ ಹಿಂದೆ ಒಂದು ನೀಲಿ ಚೀಲ ಮೂರು ವಾರ ಕಾಲ ನಿಂತಿತ್ತು. ನನ್ನ ಹೆಂಡತಿಯ ಹೆರಿಗೆಗೆ ಸಿದ್ಧಮಾಡಿದ ಚೀಲ. ಅದನ್ನು ತುಂಬಿದ್ದು ಅವಳು, ಬಿಚ್ಚಿ ಮತ್ತೆ ತುಂಬಿದ್ದು ಫೋನಿನಲ್ಲಿ ನನ್ನ ಉಮ್ಮ ಹೇಳಿದಂತೆ, ಮೂರನೆಯ ಸಲ ತುಂಬಿದ್ದು ಪಕ್ಕದ ಮನೆಯ ಅಕ್ಕ ಹೇಳಿದಂತೆ. ಪ್ರತಿ ಸಲವೂ ಒಳಗಿನ ಸಾಮಾನು ಬದಲಾಗುತ್ತಿತ್ತು. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು. ಸಿಮೆಂಟ್ ಕಾರ್ಖಾನೆಗಳ ಶಟ್‌ಡೌನ್ ಕೆಲಸಕ್ಕೆ ಹೋಗುವ ಮೊದಲು ಯಾವ ಬೇರಿಂಗ್, ಯಾವ ಬೋಲ್ಟ್, ಎಷ್ಟು ಗ್ರೀಸ್ ಎಂದು ಪಟ್ಟಿ ಮಾಡಿ ಸ್ಥಳದಲ್ಲಿ ಜೋಡಿಸಿಡುವುದು ನನ್ನ ಕೆಲಸ. ಈ ಒಂದು ಚೀಲಕ್ಕೆ ಮಾತ್ರ ಮೂವರು ಹೆಂಗಸರು ಮೂರು ಪಟ್ಟಿ ಕೊಟ್ಟರು. ಮೂರೂ ಸರಿಯೇ ಇದ್ದವು. ಯಾಕೆ ಹೀಗೆ ಎಂದು ಆಗಿನಿಂದ ಯೋಚಿಸುತ್ತಾ ಬಂದಿದ್ದೇನೆ. ಈ ಬರಹ ಆ ಯೋಚನೆಯದ್ದು.

ಮೊದಲು ಕರಣಕೋಟದ ಬಗ್ಗೆ ಎರಡು ಮಾತು. ನಮ್ಮ ಕರಾವಳಿಯವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಕಾಗಿಣಾ ನದಿಯ ಸೀಮೆ, ನೆಲದಡಿ ಸುಣ್ಣದ ಕಲ್ಲು, ಮೇಲೆ ತೊಗರಿ ಬೆಳೆ. ಭಾರತ ಸರಕಾರದ ಸಿಮೆಂಟ್ ಕಾರ್ಪೊರೇಷನ್ನಿನ ತಾಂಡೂರು ಕಾರ್ಖಾನೆ ಇರುವುದು ಇಲ್ಲಿಯೇ. ತಾಂಡೂರು ರೈಲು ನಿಲ್ದಾಣ ನಿಜಾಮರ ಕಾಲದ ವಾಡಿ-ಹೈದರಾಬಾದ್ ಮಾರ್ಗದ್ದು, ಆ ಮಾರ್ಗ ಶುರುವಾದದ್ದು 1874ರಲ್ಲಿ. ಪಶ್ಚಿಮಕ್ಕೆ ಹೋದರೆ ಕರ್ನಾಟಕದ ಸೇಡಂ, ಚಿಂಚೋಳಿ. ಚಹಾ ಅಂಗಡಿಯಲ್ಲಿ ಕುಳಿತರೆ ತೆಲುಗು, ದಖನಿ ಉರ್ದು, ಕಲಬುರಗಿ ಕನ್ನಡ ಮೂರೂ ಒಂದೇ ಬೆಂಚಿನಲ್ಲಿ ಕೇಳುತ್ತದೆ. ಅದಕ್ಕೆ ಕಾರಣವಿದೆ. 1956ರವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕಾಗಿತ್ತು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯು ಗುಲ್ಬರ್ಗ ಜಿಲ್ಲೆಯಲ್ಲಿ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು ಉಳಿದುದನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಅದೇ ಕಾಯ್ದೆ, ಅದೇ 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ತೆಗೆದು ಕೇರಳಕ್ಕೆ ಕೊಟ್ಟಿತು. ಅಂದರೆ ನಮ್ಮ ತಲಪಾಡಿಯ ಗಡಿ ಮತ್ತು ತಾಂಡೂರಿನ ಗಡಿ ಒಂದೇ ದಿನ ಹುಟ್ಟಿದ ಅವಳಿಗಳು. ಈ ವಿಷಯ ಮುಂದೆ ಮತ್ತೆ ಬರುತ್ತದೆ.

ಈಗ ಹಿಂದಕ್ಕೆ, ಬಾಪನ ಅಂಗಡಿಗೆ.

ಮಂಜೇಶ್ವರದ ಕಡೆ ಹೋಗುವ ರಸ್ತೆಯ ಒಂದು ಸಣ್ಣ ಪೇಟೆಯಲ್ಲಿ ಬಾಪನದ್ದು ಜಿನಸಿ ಅಂಗಡಿ. ತೊಂಬತ್ತರ ದಶಕದಲ್ಲಿ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ. ಜನ ಚೀಟಿ ತರುತ್ತಿದ್ದರು. ಮದುವೆ ಚೀಟಿ, ಹಬ್ಬದ ಚೀಟಿ, ಮಯ್ಯತ್ತಿನ ಚೀಟಿ ಎಂದು ಬಾಪ ನೋಡಿದ ಕೂಡಲೇ ಗುರುತಿಸುತ್ತಿದ್ದರು. ಹಾಗೆಯೇ ಹೆರಿಗೆ ಚೀಟಿ. ಅದರಲ್ಲಿ ಏನಿರುತ್ತಿತ್ತು? ತಾಳೆ ಬೆಲ್ಲ, ಬೆಳ್ಳುಳ್ಳಿ, ಓಮ, ಒಳ್ಳೆಮೆಣಸು, ಮೆಂತೆ, ತೆಂಗಿನೆಣ್ಣೆ, ಒಂದು ಲೈಫ್‌ಬಾಯ್ ಸೋಪು, ಒಂದು ಉಂಡೆ ಬಿಳಿ ನೂಲು, ಒಂದು ಬ್ಲೇಡ್. ಬರಬರುತ್ತಾ ಅದರಲ್ಲಿ ಡೆಟ್ಟಾಲ್, ಹಾರ್ಲಿಕ್ಸ್, ಬೇಬಿ ಪೌಡರ್, ಪ್ಲಾಸ್ಟಿಕ್ ಶೀಟ್ ಸೇರಿಕೊಂಡವು. ನೂಲು ಮತ್ತು ಬ್ಲೇಡ್ ಮಾಯವಾದವು. ನಾನು ಪಾಲಿಟೆಕ್ನಿಕ್ ಸೇರುವ ಹೊತ್ತಿಗೆ ನಮ್ಮ ಪೇಟೆಯಲ್ಲಿ ಮನೆಯಲ್ಲಿ ಹೆರುವವರು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದರು.

ಒಂದು ಸಂಗತಿ ನನಗೆ ಆಗ ಅರ್ಥವಾಗುತ್ತಿರಲಿಲ್ಲ. ಬಾಪ ಲೆಕ್ಕದಲ್ಲಿ ಬಿಗಿ ಮನುಷ್ಯ. ಐದು ಪೈಸೆಯನ್ನೂ ಬರೆಯುವವರು. ಹೆರಿಗೆ ಚೀಟಿಯ ಬ್ಲೇಡಿಗೆ ಮಾತ್ರ ದುಡ್ಡು ಬರೆಯುತ್ತಿರಲಿಲ್ಲ. ಚೀಟಿಯಲ್ಲಿ ಬ್ಲೇಡ್ ಇಲ್ಲದಿದ್ದರೂ ಕಾಗದ ಬಿಚ್ಚದ ಹೊಸದೊಂದನ್ನು ಸಾಮಾನಿನ ಮೇಲೆ ಇಟ್ಟುಬಿಡುತ್ತಿದ್ದರು. ಒಮ್ಮೆ ನಾನು ಕ್ಷೌರಕ್ಕೆಂದು ತೆರೆದಿಟ್ಟಿದ್ದ ಪ್ಯಾಕೆಟ್ಟಿನಿಂದ ಒಂದನ್ನು ತೆಗೆದು ಕೊಡಲು ಹೋದಾಗ ಕೈಯಿಂದ ಕಸಿದುಕೊಂಡರು. ಕಾರಣ ಉಮ್ಮ ಹೇಳಿದ್ದು ಎಷ್ಟೋ ವರ್ಷದ ನಂತರ. ಬಾಪನಿಗೆ ಎಂಟು ವರ್ಷ ಇರುವಾಗ ಅವರಿಗೊಬ್ಬಳು ತಂಗಿ ಹುಟ್ಟಿದ್ದಳಂತೆ. ಐದು ದಿನ ಚೆನ್ನಾಗಿ ಹಾಲು ಕುಡಿದಳು. ಆರನೆಯ ದಿನ ಬಾಯಿ ತೆರೆಯಲಿಲ್ಲ. ಎಂಟನೆಯ ದಿನ ಮೈ ಬಿಲ್ಲಿನಂತೆ ಬಾಗಿ ಹೋದಳು. ಜನ ಗಾಳಿ ಸೋಂಕು ಎಂದರು. ಹೊಕ್ಕುಳ ಬಳ್ಳಿ ಕೊಯ್ದದ್ದು ಮನೆಯಲ್ಲಿದ್ದ ಹಳೆಯ ಕತ್ತಿಯಲ್ಲಿ. ಅವಳಿಗೆ ಹೆಸರಿಟ್ಟಿದ್ದರೋ ಇಲ್ಲವೋ ಎಂಬುದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಅದು ಗಾಳಿ ಸೋಂಕು ಅಲ್ಲ, ನವಜಾತ ಶಿಶುವಿನ ಧನುರ್ವಾಯು. ಮಣ್ಣಿನಲ್ಲಿ, ಸೆಗಣಿಯಲ್ಲಿ, ತುಕ್ಕು ಹಿಡಿದ ಕಬ್ಬಿಣಕ್ಕೆ ಅಂಟಿದ ಧೂಳಿನಲ್ಲಿ ಆ ಸೂಕ್ಷ್ಮಜೀವಿಯ ಬೀಜಕಣಗಳು ಇರುತ್ತವೆ. ಹೊಕ್ಕುಳ ಬಳ್ಳಿಯ ಹಸಿ ತುದಿಗೆ ಅದು ತಾಗಿದರೆ ಮೂರರಿಂದ ಹದಿನಾಲ್ಕು ದಿನದೊಳಗೆ ಮಗುವಿನ ದವಡೆ ಬಿಗಿಯುತ್ತದೆ, ಹಾಲು ಕುಡಿಯಲಾಗದು, ಸ್ನಾಯುಗಳು ಸೆಟೆಯುತ್ತವೆ. ಹೆಚ್ಚಿನವು ಒಂದು ವಾರದ ಹೊತ್ತಿಗೆ. ಎಷ್ಟೋ ಸೀಮೆಗಳಲ್ಲಿ ಇದಕ್ಕೆ ಏಳನೇ ದಿನದ, ಎಂಟನೇ ದಿನದ ಕಾಯಿಲೆ ಎಂಬ ಹೆಸರೇ ಬಿದ್ದದ್ದು ಹೀಗೆ. ತಾಯಿಗೆ ಗರ್ಭಿಣಿಯಾಗಿರುವಾಗ ಚುಚ್ಚುಮದ್ದು ಕೊಟ್ಟರೆ ಆ ರಕ್ಷಣೆ ಮಗುವಿಗೂ ದಾಟುತ್ತದೆ. ನಮ್ಮ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಬಾಪನ ತಂಗಿ ಸತ್ತು ಅರ್ಧ ಶತಮಾನ ಕಳೆದ ಮೇಲೆ.

ಹೆರಿಗೆಯ ಚೀಲದ ಮೊದಲ ಅಧ್ಯಾಯ ಈ ಶುಚಿಯದ್ದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ವೈದ್ಯರಿಗೆ ಬ್ಲೀಚಿಂಗ್ ಪೌಡರಿನಂತಹ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ಹೇಳಿದ. ನೂರಕ್ಕೆ ಹತ್ತನ್ನೂ ಮೀರುತ್ತಿದ್ದ ಬಾಣಂತಿಯರ ಸಾವು ಒಂದೆರಡಕ್ಕೆ ಇಳಿಯಿತು. ಸುಣ್ಣದ ಕಲ್ಲಿನ ಊರಿನಲ್ಲಿ ಕುಳಿತು ಇದನ್ನು ಓದಿದಾಗ ನನಗೆ ಬೇರೆಯೇ ರುಚಿ ಹತ್ತಿತು. ಆಮೇಲೆ ಆರೋಗ್ಯ ಇಲಾಖೆಗಳು ಹಳ್ಳಿಗಳಿಗೆ ಕಲಿಸಿದ್ದು ಐದು ಶುಚಿಗಳು: ಶುಚಿ ಕೈ, ಶುಚಿ ಜಾಗ, ಶುಚಿ ಬ್ಲೇಡ್, ಶುಚಿ ದಾರ, ಶುಚಿ ಹೊಕ್ಕುಳ. 1992ರ ಶಿಶು ಉಳಿವು ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮದಲ್ಲಿ ಇವೇ ವಸ್ತುಗಳ ಸಣ್ಣ ಕಟ್ಟನ್ನು ಮನೆ ಹೆರಿಗೆಗಳಿಗೆ ಹಂಚುತ್ತಿದ್ದರು. ಬಾಪ ಯಾವ ಕಾರ್ಯಕ್ರಮವನ್ನೂ ಓದದೆ ಸೋಪು, ನೂಲು, ಬ್ಲೇಡ್ ಕಟ್ಟಿ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಕಟ್ಟು.

ನನ್ನದೇ ಶಾಖೆಯ ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಚೆನ್ನೈನ ಝುಬೈದಾ ಬಾಯಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ರಾಜಸ್ಥಾನದ ಹಳ್ಳಿಯಲ್ಲಿ ಸೂಲಗಿತ್ತಿಯೊಬ್ಬರು ಹುಲ್ಲು ಕೊಯ್ಯುವ ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದದ್ದನ್ನು ಕಂಡು ಅವರು 'ಜನ್ಮಾ' ಎಂಬ ಹೆರಿಗೆ ಕಿಟ್ ರೂಪಿಸಿದರು. ಬ್ಲೇಡ್, ಹೊಕ್ಕುಳಕ್ಕೆ ಹಾಕುವ ಕ್ಲಿಪ್, ಸೋಪು, ಕೈಗವಸು, ಹಾಸುವ ಹಾಳೆ, ಎಲ್ಲವೂ ಒಂದು ಪುಟ್ಟ ಕೈಚೀಲದಲ್ಲಿ. ಮೆಕ್ಯಾನಿಕಲ್ ಎಂದರೆ ಇಂಜಿನ್, ಗೇರ್ ಎಂದು ನಂಬಿದ್ದ ನನಗೆ, ಒಂದು ಕ್ಲಿಪ್ಪೂ ವಿನ್ಯಾಸವೇ ಎಂದು ತಿಳಿದದ್ದು ಅವರಿಂದ.

ಇಷ್ಟಾದರೂ ಇವೆಲ್ಲ ಕಟ್ಟುಗಳು, ಚೀಲ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಚೀಲ ಬೇಕಾಗುವುದು ಮನೆ ಬಿಟ್ಟು ಹೋಗುವವರಿಗೆ. ಹಿಂದೆ ಹೆಣ್ಣು ಹೆರಿಗೆಗೆ ತವರಿಗೆ ಹೋಗುತ್ತಿದ್ದಳು, ಆದರೆ ಅಲ್ಲಿ ಬೇಕಾದುದೆಲ್ಲ ಮೊದಲೇ ಇರುತ್ತಿತ್ತು. ಬಿಸಿನೀರಿನ ಹಂಡೆ, ಹಳೆಯ ಬಟ್ಟೆ, ಅಜ್ಜಿ. ಬರಬೇಕಾದವಳು ಸೂಲಗಿತ್ತಿ ಮಾತ್ರ. ಮಲಬಾರಿನ ಮಾಪ್ಪಿಳ್ಳೆಯರಲ್ಲಿ ಕ್ಷೌರಿಕ ಒಸ್ಸಾನ್ ಮನೆತನದ ಹೆಂಗಸರು, ಒಸ್ಸಾತಿಯರು, ಈ ಕೆಲಸ ಮಾಡುತ್ತಿದ್ದರು. ಬಯಲುಸೀಮೆಯಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಎಲ್ಲರಿಗೂ ಗೊತ್ತು. ತೆಲುಗು ಮನೆಮಾತಿನ ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಕನ್ನಡ ನಾಡಿನ ಗಡಿ ತಾಲೂಕಿನಲ್ಲಿ ಒಂದು ಪೈಸೆ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ಕೈಯಲ್ಲಿ ವಿದ್ಯೆ ಇತ್ತು. ಆದರೆ ರಕ್ತ ನಿಲ್ಲದಿದ್ದರೆ, ಮಗು ಅಡ್ಡವಾದರೆ, ಯಾವ ಸೂಲಗಿತ್ತಿಯ ಕೈಯಲ್ಲೂ ರಕ್ತದ ಬಾಟಲಿ ಇರಲಿಲ್ಲ. ಹಳೆಯದನ್ನು ನೆನೆಯುವಾಗ ಇದನ್ನು ಮರೆಯಬಾರದು.

ಆಸ್ಪತ್ರೆಗಳು ಮೊದಲೇ ಇದ್ದವು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಾಲಯ ಶುರುಮಾಡಿದರು. ಹೆಂಗಸರಿಗೆ ಹೆಂಗಸರೇ ವೈದ್ಯರಾಗಲಿ ಎಂದು ಲೇಡಿ ಡಫರಿನ್ ನಿಧಿ ಹುಟ್ಟಿದ್ದು 1885ರಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರದ್ದು. ನಮ್ಮವರೆಲ್ಲ ಹುಟ್ಟಿದ ಲೇಡಿಗೋಶನ್ ಆಸ್ಪತ್ರೆಗೆ 1924ರಿಂದ 1929ರವರೆಗೆ ಮದ್ರಾಸ್ ಗವರ್ನರ್ ಆಗಿದ್ದ ಗೋಶನ್ ಅವರ ಪತ್ನಿಯ ಹೆಸರು. ಆದರೆ ಹಳ್ಳಿಯ ಹೆಂಗಸಿಗೆ ಆಸ್ಪತ್ರೆ ಎಂದರೆ ಕಷ್ಟ ಬಂದಾಗ ಕೊನೆಯ ಜಾಗ. ಕೊನೆಯ ಜಾಗಕ್ಕೆ ಯಾರೂ ಚೀಲ ತುಂಬಿಟ್ಟುಕೊಂಡು ಕಾಯುವುದಿಲ್ಲ, ಎತ್ತಿಕೊಂಡು ಓಡುತ್ತಾರೆ. ದಿನ ಗೊತ್ತುಮಾಡಿಕೊಂಡು, ಫ್ಲಾಸ್ಕ್, ಬಟ್ಟೆ, ಸೋಪು ಜೋಡಿಸಿಕೊಂಡು ಹೊರಡುವ ಪದ್ಧತಿ ನಮ್ಮಲ್ಲಿ ಹರಡಿದ್ದು ಒಂದೆರಡು ತಲೆಮಾರಿನೊಳಗೆ.

ಇನ್ನೊಂದು ಅಡ್ಡಿಯೂ ಇತ್ತು, ಅದು ಮನಸ್ಸಿನದ್ದು. ನಮ್ಮ ಚೀಲಕ್ಕೆ ನನ್ನ ಹೆಂಡತಿ ಮಗುವಿಗೆಂದು ಎರಡು ಹೊಸ ಅಂಗಿ ಇಟ್ಟಿದ್ದಳು. ಉಮ್ಮ ಫೋನಿನಲ್ಲೇ ಅದನ್ನು ತೆಗೆಸಿದರು. ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದು, ಹಳೆಯ ಹತ್ತಿ ಸೀರೆಯನ್ನು ಹರಿದು ಕುದಿಸಿ ಒಣಗಿಸಿ ಇಡಿ ಎಂದರು. ಪಕ್ಕದ ಮನೆಯ ತೆಲುಗು ಅಕ್ಕನೂ ಅದನ್ನೇ ಹೇಳಿದಳು. ನಾನು ನಕ್ಕೆ. ಆದರೆ ಲೆಕ್ಕ ನೋಡಿದಾಗ ನಗು ನಿಂತಿತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಎಂಟರಲ್ಲಿ ಒಂದು ಎನ್ನಬಹುದು. ಅಂಥ ಕಾಲದಲ್ಲಿ ಹುಟ್ಟದ ಮಗುವಿಗೆ ಅಂಗಿ ಹೊಲಿಸಿ, ಆಮೇಲೆ ಆ ಅಂಗಿಯನ್ನು ಮಡಚಿಡಬೇಕಾದ ತಾಯಿಯರು ಎಷ್ಟಿದ್ದರು? ಆ ನೋವಿನಿಂದ ಈ ನಿಯಮ ಹುಟ್ಟಿದೆ. 2020ರಲ್ಲಿ ಆ ಸಂಖ್ಯೆ ಸಾವಿರಕ್ಕೆ 28. ಚೀಲ ತುಂಬುವುದೆಂದರೆ ತಾಯಿ, ಮಗು ಇಬ್ಬರೂ ತಿರುಗಿ ಬರುತ್ತಾರೆ ಎಂದು ಮೊದಲೇ ನಂಬುವುದು. ಆ ನಂಬಿಕೆ ನಮಗೆ ಹೊಸದು.

ಇನ್ನು ಸರಕಾರದ ಚೀಲ. ಇದರ ಮೂಲ ಫಿನ್ಲೆಂಡ್ ಎನ್ನಬಹುದು. 1938ರಿಂದ ಅಲ್ಲಿ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೂ, ಮಗುವಿನ ಬಟ್ಟೆಬರೆ ತುಂಬಿದ ಒಂದು ಪೆಟ್ಟಿಗೆ ಕೊಡುತ್ತಾ ಬಂದಿದ್ದಾರೆ. ಖಾಲಿ ಪೆಟ್ಟಿಗೆಯೇ ಮಗುವಿಗೆ ಮೊದಲ ಹಾಸಿಗೆ. ಷರತ್ತು ಒಂದೇ, ನಾಲ್ಕು ತಿಂಗಳು ತುಂಬುವ ಮೊದಲು ತಾಯಿ ತಪಾಸಣೆಗೆ ಬರಬೇಕು. ಪೆಟ್ಟಿಗೆಯ ಆಸೆಗೆ ತಾಯಂದಿರು ಬಂದರು, ಬಂದವರನ್ನು ವೈದ್ಯರು ನೋಡಿದರು.

ಕರ್ನಾಟಕದಲ್ಲಿ 2007ರಲ್ಲಿ ಮಡಿಲು ಯೋಜನೆ ಬಂತು. ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಹೆಂಗಸು ಸರಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಒಂದು ಕಿಟ್. ಸೊಳ್ಳೆ ಪರದೆ, ಜಮಖಾನ, ಹೊದಿಕೆ, ಮೈ ಸೋಪು, ಬಟ್ಟೆ ಸೋಪು, ಹೊಟ್ಟೆಗೆ ಕಟ್ಟುವ ಬಟ್ಟೆ, ಬಾಚಣಿಗೆ, ಕೊಬ್ಬರಿ ಎಣ್ಣೆ, ಹಲ್ಲುಜ್ಜುವ ಬ್ರಷ್, ಮಗುವಿಗೆ ರಬ್ಬರ್ ಶೀಟ್, ಸ್ವೆಟರ್, ಟೋಪಿ, ಕಾಲುಚೀಲ. ಈ ಪಟ್ಟಿಯನ್ನು ನಿಧಾನವಾಗಿ ಓದಿ ನೋಡಿ. ಬಾಚಣಿಗೆ ಇಟ್ಟವರು ಬಾಣಂತಿಯನ್ನು ಮನುಷ್ಯಳಾಗಿ ಕಂಡವರು. ಮೂರು ದಿನ ಆಸ್ಪತ್ರೆಯಲ್ಲಿ ತಲೆ ಬಾಚದೆ ಮಲಗುವ ಕಷ್ಟ ಗೊತ್ತಿದ್ದವರೇ ಅದನ್ನು ಬರೆದಿರಬೇಕು. ಅದಕ್ಕೆ ಮೊದಲು, 2005ರಲ್ಲಿ, ಕೇಂದ್ರದ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆ ಹೆರಿಗೆಗೆ ಹಣ ಕೊಡತೊಡಗಿತ್ತು. ಅದೇ ವರ್ಷ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಶುರುವಾಯಿತು, ಕರ್ನಾಟಕಕ್ಕೆ 2008ರ ನವೆಂಬರ್ 1ಕ್ಕೆ ಬಂತು.

ತೆಲಂಗಾಣದಲ್ಲಿ 2017ರ ಜೂನ್‌ನಲ್ಲಿ ಕೆಸಿಆರ್ ಕಿಟ್. ಸೀರೆ, ಟವೆಲ್, ಮಗುವಿನ ಹಾಸಿಗೆ, ಸೊಳ್ಳೆ ಪರದೆ, ಎಣ್ಣೆ, ಸೋಪು, ಪೌಡರ್, ಆಟಿಕೆ ಎಂದು 16 ಬಗೆಯ ವಸ್ತುಗಳು. ಜೊತೆಗೆ ಕಂತುಗಳಲ್ಲಿ 12,000 ರೂಪಾಯಿ, ಹೆಣ್ಣು ಮಗುವಾದರೆ 13,000. ಕರಣಕೋಟದ ಓಣಿಗಳಲ್ಲಿ ಆ ಕಿಟ್ಟಿನ ಚೀಲವನ್ನು ನಾನು ಎಲ್ಲೆಲ್ಲೂ ಕಂಡಿದ್ದೇನೆ. ಮಗು ದೊಡ್ಡದಾದ ಮೇಲೆ ಅದರಲ್ಲೇ ತೊಗರಿ ಬೇಳೆ, ಅದರಲ್ಲೇ ಟಿಫಿನ್, ಅದರಲ್ಲೇ ಹೊಲಕ್ಕೆ ಬುತ್ತಿ.

ಫಲ ಸಿಕ್ಕಿತೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ನೂರರಲ್ಲಿ 39 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರಲ್ಲಿ ಸುಮಾರು 89. ಕರ್ನಾಟಕ ಮತ್ತು ತೆಲಂಗಾಣ ಎರಡರಲ್ಲೂ 97. ಲಕ್ಷ ಹೆರಿಗೆಗೆ ತಾಯಂದಿರ ಸಾವು 2018-20ರಲ್ಲಿ ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43. ಎಲ್ಲವೂ ಕಿಟ್ಟಿನಿಂದ ಆದದ್ದಲ್ಲ. ರಸ್ತೆ, ಆಶಾ ಕಾರ್ಯಕರ್ತೆ, ಆಂಬುಲೆನ್ಸ್, ಓದಿದ ಹೆಣ್ಣುಮಕ್ಕಳು ಎಲ್ಲರ ಪಾಲೂ ಇದೆ. ಇನ್ನೊಂದು ಅಂಕಿ ಕೂಡ ಇದೆ. ಅದೇ 2019-21ರ ಸಮೀಕ್ಷೆಯಲ್ಲಿ ತೆಲಂಗಾಣದ ಹೆರಿಗೆಗಳಲ್ಲಿ ಶೇಕಡ 60.7 ಸಿಸೇರಿಯನ್, ಕರ್ನಾಟಕದಲ್ಲಿ 31.5. ಸಿಸೇರಿಯನ್ ಎಂದರೆ ಹೊಲಿಗೆ, ಹೆಚ್ಚು ದಿನ ಹಾಸಿಗೆ, ಜೊತೆಗೊಬ್ಬರು. ಚೀಲ ದೊಡ್ಡದಾಗುತ್ತದೆ, ಖರ್ಚೂ ದೊಡ್ಡದಾಗುತ್ತದೆ. ಪಕ್ಕದ ಮನೆಯ ಅಕ್ಕ ನಮ್ಮ ಚೀಲಕ್ಕೆ ಇನ್ನೆರಡು ನೈಟಿ, ಸೊಂಟಕ್ಕೆ ಬಿಗಿಯದ ಲಂಗ, ಒಂದು ಚಾಪೆ ಸೇರಿಸಿದ್ದು ಇದೇ ಲೆಕ್ಕದಿಂದ. ಅವಳ ಎರಡು ಹೆರಿಗೆಯೂ ಸಿಸೇರಿಯನ್. ಉಮ್ಮನ ಪಟ್ಟಿಯಲ್ಲಿ ಚಾಪೆ ಇರಲಿಲ್ಲ, ಅವರ ನಾಲ್ಕೂ ಸಹಜ ಹೆರಿಗೆ. ಮೂರು ಪಟ್ಟಿ ಯಾಕೆ ಬೇರೆ ಬೇರೆ ಎಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಪ್ರತಿಯೊಬ್ಬ ಹೆಂಗಸೂ ತನಗೆ ಆದ ಕಷ್ಟವನ್ನೇ ಇನ್ನೊಬ್ಬಳ ಚೀಲದಲ್ಲಿ ತುಂಬುತ್ತಾಳೆ.

ಈಗ ನಮ್ಮದೇ ಕಥೆ. ಕರಾವಳಿಯ ರೂಢಿಯಂತೆ ಮೊದಲ ಹೆರಿಗೆಗೆ ಅವಳು ತವರಿಗೆ ಹೋಗಬೇಕಿತ್ತು. ಮೊದಲ ತಿಂಗಳುಗಳ ತಪಾಸಣೆ ಊರಲ್ಲೇ ಆಗಿ, ಕರ್ನಾಟಕದ ತಾಯಿ ಕಾರ್ಡ್ ಮಾಡಿಸಿಕೊಂಡೇ ಕರಣಕೋಟಕ್ಕೆ ಬಂದಿದ್ದಳು. ನನ್ನ ಒಂದು ಶಟ್‌ಡೌನ್ ಕೆಲಸ ಮುಗಿಯಲೆಂದು ತಡಮಾಡಿ, ಮಾರ್ಚ್ 26ಕ್ಕೆ ರೈಲು ಟಿಕೆಟ್ ಮಾಡಿಸಿದ್ದೆ. ತಡಮಾಡಿದ್ದು ನನ್ನ ತಪ್ಪು. 22ಕ್ಕೆ ರೈಲು ನಿಂತವು, 25ಕ್ಕೆ ಲಾಕ್‌ಡೌನ್. ಪಾಸ್ ಸಿಗಬಹುದೆಂದು ಅಲ್ಲಿ ಇಲ್ಲಿ ಅಲೆದೆ, ಕಾಗದಗಳ ಜೆರಾಕ್ಸ್ ಮಾಡಿಸಿದೆ. ಅದೇ ದಿನಗಳಲ್ಲಿ ಊರಿನಿಂದ ಬರುತ್ತಿದ್ದ ಸುದ್ದಿ ಇನ್ನೂ ಕೆಟ್ಟದಿತ್ತು. ತಲಪಾಡಿಯಲ್ಲಿ ಕರ್ನಾಟಕದ ಕಡೆಯಿಂದ ಗಡಿ ಮುಚ್ಚಿ, ರಸ್ತೆಗಳಿಗೆ ಮಣ್ಣು ಸುರಿದು, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾಗದೆ ತೀರಿಕೊಂಡರು. ಗರ್ಭಿಣಿಯೊಬ್ಬರು ಗಡಿ ದಾಟಲಾಗದೆ ಆಂಬುಲೆನ್ಸಿನಲ್ಲೇ ಹೆತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಅಡೆತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು. 64 ವರ್ಷ ಜನ ಗಡಿ ಎಂದು ನೋಡದೆ ಮೀನಿಗೆ, ಮದುವೆಗೆ, ಮದ್ದಿಗೆ ದಾಟುತ್ತಿದ್ದ ಗೆರೆ ಅದು. ನಕ್ಷೆಯ ಗೆರೆ ಒಂದು ರಾತ್ರಿಯಲ್ಲಿ ಮಣ್ಣಿನ ದಿಬ್ಬವಾಗಬಹುದು ಎಂದು ಆಗ ಅರ್ಥವಾಯಿತು. ಅದರ ಅವಳಿ ಗೆರೆಯ ಈಚೆ ನಾವಿದ್ದೆವು. ಹೆರಿಗೆ ಇಲ್ಲಿಯೇ ಎಂದು ತೀರ್ಮಾನಿಸಿದೆವು.

ರಮ್ಝಾನ್ ಶುರುವಾಗಿ ನಾಲ್ಕನೆಯ ದಿನ, ಸಹರಿಯ ಹೊತ್ತಿಗೆ ನೋವು ಬಂತು. ಆಂಬುಲೆನ್ಸ್ ಬಂತು. ನಾನು ಚೀಲ ಎತ್ತಿಕೊಂಡೆ. ಪಟ್ಟಿಯ ಪ್ರಕಾರ ಎಲ್ಲವೂ ಇತ್ತು. ಕುದಿಸಿದ ಹಳೆಯ ಸೀರೆಯ ತುಂಡು, ಫ್ಲಾಸ್ಕ್, ಚಾಪೆ, ನೈಟಿ, ಖರ್ಜೂರ, ಫೋನಿನ ಚಾರ್ಜರ್. ಆಸ್ಪತ್ರೆಯಲ್ಲಿ ನರ್ಸ್ ಕೇಳಿದ ಮೊದಲ ವಸ್ತು ಇವು ಯಾವುದೂ ಅಲ್ಲ. ಕಾರ್ಡ್ ಎಲ್ಲಿ ಎಂದರು. ಚೀಲದ ಪಕ್ಕದ ಜೇಬು ಖಾಲಿ. ಪಾಸಿಗೆಂದು ಜೆರಾಕ್ಸ್ ಮಾಡಿಸಲು ತೆಗೆದವನು ನಾನು. ತಾಯಿ ಕಾರ್ಡ್ ಬೈಕಿನ ಟ್ಯಾಂಕ್ ಕವರಿನಲ್ಲಿ, ಬೈಕ್ ಕರಣಕೋಟದ ಮನೆಯ ಮುಂದೆ.

ನನ್ನ ಹೆಂಡತಿಯ ರಕ್ತದ ಗುಂಪು ನೆಗೆಟಿವ್. ಬಾಯಲ್ಲಿ ಹೇಳಿದರೆ ಸಾಲದು, ಬರೆದದ್ದು ಬೇಕು, ಹಿಂದಿನ ರಿಪೋರ್ಟ್ ಬೇಕು. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ 72 ಗಂಟೆಯೊಳಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡಬೇಕು. ಇಲ್ಲವಾದರೆ ತಾಯಿಯ ದೇಹ ಮುಂದಿನ ಮಗುವಿನ ರಕ್ತವನ್ನೇ ಶತ್ರುವೆಂದು ತಿಳಿಯಬಹುದು. ಈ ಮದ್ದು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1968ರಲ್ಲಿ. ಅದಕ್ಕೂ ಮೊದಲು ಮೊದಲ ಮಗು ಉಳಿದು, ಆಮೇಲಿನವು ಒಂದರ ಹಿಂದೆ ಒಂದು ಸತ್ತ ಮನೆಗಳು ಎಷ್ಟೋ. ಅವುಗಳಿಗೂ ಗಾಳಿ ಸೋಂಕು ಎಂದೇ ಹೆಸರು. ಬೇಗ ತಿಳಿದಷ್ಟೂ ಲಾಕ್‌ಡೌನಿನಲ್ಲಿ ಮದ್ದು ತರಿಸಲು ಸಮಯ ಸಿಗುತ್ತಿತ್ತು.

ಪಕ್ಕದ ಮನೆಗೆ ಫೋನ್ ಮಾಡಿದೆ. ಅಕ್ಕನ ಗಂಡ, ನಿದ್ದೆಯಿಂದ ಎದ್ದವರು, ಎರಡು ಕಡೆ ಪೊಲೀಸರಿಗೆ ಉತ್ತರ ಹೇಳುತ್ತಾ ಬೈಕಿನಲ್ಲಿ ಕಾರ್ಡ್ ತಂದುಕೊಟ್ಟರು. ಕಾರ್ಡು ಕನ್ನಡದಲ್ಲಿ, ನರ್ಸಿಗೆ ತೆಲುಗು. ಅಂಕಿ ಮತ್ತು ರಕ್ತದ ಗುಂಪನ್ನು ಓದಲು ಭಾಷೆ ಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು, ಸಹಜ ಹೆರಿಗೆ. ಮಗುವಿನ ಗುಂಪು ಪಾಸಿಟಿವ್. ಎರಡನೆಯ ದಿನ ಆಂಟಿ-ಡಿ ಸಿಕ್ಕಿತು, ಕೊಟ್ಟರು. ಅಲ್‌ಹಮ್ದುಲಿಲ್ಲಾಹ್.

ನಮ್ಮ ಆಧಾರ್ ದಕ್ಷಿಣ ಕನ್ನಡದ್ದು. ಕೆಸಿಆರ್ ಕಿಟ್ ತೆಲಂಗಾಣದವರಿಗೆ ಇದ್ದದ್ದು, ಮಡಿಲು ಕರ್ನಾಟಕದವರಿಗೆ ಎಂದು ಮಾಡಿದ್ದು. ಎರಡು ರಾಜ್ಯಗಳ ನಡುವೆ ಹೆತ್ತವರಿಗೆ ಯಾವ ಚೀಲವೂ ಇಲ್ಲ. ನಾವು ಕೇಳಲೂ ಹೋಗಲಿಲ್ಲ. ಮನೆಗೆ ಬಂದ ಸಂಜೆ ಪಕ್ಕದ ಮನೆಯ ಅಕ್ಕ ಒಂದು ಸೊಳ್ಳೆ ಪರದೆ ತಂದು ಹಾಸಿಗೆಯ ಮೇಲೆ ಇಟ್ಟಳು. ಅವಳ ಎರಡನೆಯ ಮಗುವಿನ ಕಿಟ್ಟಿನದ್ದು, ತೊಳೆದು ಮಡಚಿಟ್ಟದ್ದು. ನನ್ನ ಮಗಳು ಮೊದಲ ಐದು ತಿಂಗಳು ಮಲಗಿದ್ದು ಅದರೊಳಗೆ. ಕಾನೂನು ದಾಟಲಾಗದ ಗಡಿಯನ್ನು ಆ ಪರದೆ ದಾಟಿತು.

ಈಗ ಯಾರಾದರೂ ಚೀಲಕ್ಕೆ ಏನಿಡಬೇಕು ಎಂದು ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲು ಕಾಗದ: ತಾಯಿ ಕಾರ್ಡ್, ರಕ್ತದ ಗುಂಪಿನ ರಿಪೋರ್ಟ್, ಸ್ಕ್ಯಾನಿಂಗ್, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ. ಎಲ್ಲವೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ, ಜೊತೆಗೆ ಅವುಗಳ ಫೋಟೋ ಇಬ್ಬರ ಫೋನಿನಲ್ಲಿ. ರಕ್ತ ಕೊಡಬಲ್ಲ ಇಬ್ಬರ ನಂಬರ್ ಒಂದು ಚೀಟಿಯಲ್ಲಿ, ಏಕೆಂದರೆ ಫೋನ್ ಚಾರ್ಜ್ ಮುಗಿಯುತ್ತದೆ. ಆಮೇಲೆ ಹತ್ತಿ ಬಟ್ಟೆ, ಮಗುವಿಗೆ ಟೋಪಿ, ಪ್ಯಾಡ್, ಫ್ಲಾಸ್ಕ್, ಬಾಚಣಿಗೆ. ಎಂಟು ತಿಂಗಳು ತುಂಬುವಾಗ ಎಲ್ಲವೂ ಸಿದ್ಧವಿರಲಿ. ಗಂಡಸರಿಗೆ ಒಂದು ಕಿವಿಮಾತು: ತುಂಬಿದ ಚೀಲದಿಂದ ಏನನ್ನಾದರೂ ತೆಗೆದರೆ, ಅದನ್ನು ತಿರುಗಿ ಇಟ್ಟ ಮೇಲೆಯೇ ಊಟ ಮಾಡಿ.

ಮಗಳಿಗೆ ಮೂರು ತಿಂಗಳಾದಾಗ ಊರಿಗೆ ಬಂದೆವು. ಬಾಪ ಅಂಗಡಿಯಲ್ಲಿ ಕುಳಿತಿದ್ದರು. ಮಗುವನ್ನು ಎತ್ತಿಕೊಂಡು ಮೊದಲು ಅವಳ ಅಂಗಿ ಸರಿಸಿ ಹೊಕ್ಕುಳ ನೋಡಿದರು. ಒಣಗಿ, ಮಾಸಿ, ಸರಿಯಾಗಿತ್ತು. ಅವರು ಏನೂ ಹೇಳಲಿಲ್ಲ. ಅವಳಿಗೆ ಎಂಟು ದಿನ ದಾಟಿ ಎಷ್ಟೋ ಕಾಲವಾಗಿತ್ತು. ಆದರೂ ಅವರು ನೋಡಿದರು.